ಕಠ್ಮಂಡುವಿನಲ್ಲಿ ಗಲಾಟೆ ಶುರುವಾದರೆ ಅಪ್ಪ-ಅಮ್ಮ ಏನು ಮಾಡಬೇಕು?

ಪ್ರಶ್ನೆ: ನಮ್ಮ ಅಪ್ಪ (68), ಅಮ್ಮ (63) ಮತ್ತು ಚಿಕ್ಕಮ್ಮ ದಸರಾ ಹೊತ್ತಿಗೆ ಒಂದು ಟೂರ್ ತಂಡದ ಜೊತೆ ಕಠ್ಮಂಡು, ಪೋಖರಾ, ಮುಕ್ತಿನಾಥಕ್ಕೆ ಹೊರಟಿದ್ದಾರೆ. ಪಶುಪತಿನಾಥನ ದರ್ಶನ ಅಮ್ಮನ ಬಹುಕಾಲದ ಆಸೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಟಿ.ವಿ.ಯಲ್ಲಿ ಕಂಡ ಬೆಂಕಿ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರನ್ನು ಕಳಿಸಬಹುದೇ? ಅಲ್ಲಿರುವಾಗಲೇ ಅಂಥದ್ದು ಶುರುವಾದರೆ ತಕ್ಷಣ ಏರ್‌ಪೋರ್ಟ್‌ಗೆ ಹೊರಡಬೇಕೇ, ಬಸ್ ಹಿಡಿದು ಗಡಿ ದಾಟಬೇಕೇ? ಹೊರಡುವ ಮುಂಚೆಯೇ ಗಲಾಟೆಯಾದರೆ ಕಟ್ಟಿದ ದುಡ್ಡಿನ ಗತಿ ಏನು? ಇಲ್ಲಿ ಕೂತು ನಾನೇನು ಮಾಡಬಹುದು?
– ದಾವಣಗೆರೆಯ ಓದುಗರು

ಉತ್ತರ: ಧಾರಾಳವಾಗಿ ಕಳಿಸಿ. ನೇಪಾಳ ಪ್ರವಾಸಿಗರನ್ನು ನಂಬಿ ಬದುಕುವ ದೇಶ. ಅಲ್ಲಿನ ಜನರ ಸಿಟ್ಟು ಅವರ ಸರ್ಕಾರದ ಮೇಲಿತ್ತೇ ಹೊರತು ದೇವರ ದರ್ಶನಕ್ಕೆ ಬಂದವರ ಮೇಲಲ್ಲ. ಆದರೂ ಆ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶದವರಿಗೆ ಪೆಟ್ಟು ಬಿತ್ತು, ಒಬ್ಬರ ಪ್ರಾಣವೂ ಹೋಯಿತು. ಅವು ಹೇಗಾದವು ಎಂದು ಒಂದೊಂದಾಗಿ ನೋಡಿದರೆ ನಿಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಅಲ್ಲೇ ಉತ್ತರವಿದೆ. ಗಲಾಟೆಯ ಊರಿನಲ್ಲಿ ಹೊರಗಿನವರನ್ನು ಅಪಾಯಕ್ಕೆ ದೂಡುವುದು ಬಹುತೇಕ ಎರಡೇ ಸಂಗತಿ: ಉಳಿದುಕೊಂಡ ಜಾಗ, ಮತ್ತು ಅಲ್ಲಿಂದ ಎದ್ದು ಹೊರಟ ಹೊತ್ತು. ಯಾತ್ರೆಯ ತಯಾರಿಯಲ್ಲಿ ಇವೆರಡಕ್ಕೆ ಗಮನ ಕೊಟ್ಟರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಮೊದಲು ಅಲ್ಲಿ ನಡೆದದ್ದು ಇಷ್ಟು. ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಸೇರಿ 26 ಜಾಲತಾಣಗಳನ್ನು ನಿಷೇಧಿಸಿತು. ಭ್ರಷ್ಟಾಚಾರದ ವಿರುದ್ಧ ಮೊದಲೇ ಕುದಿಯುತ್ತಿದ್ದ ಹುಡುಗರು 8ನೇ ತಾರೀಕು ಬೆಳಿಗ್ಗೆ ಮೈತಿಘರ್ ಮಂಡಲದಲ್ಲಿ ಸೇರಿ ಆಗ ಸಂಸತ್ ಭವನವಿದ್ದ ನ್ಯೂ ಬಾನೇಶ್ವರದ ಕಡೆ ಹೊರಟರು. ಅದು ಗುಟ್ಟಾಗಿ ನಡೆದ ಮೆರವಣಿಗೆಯಲ್ಲ. ದಿನ, ಜಾಗ ಎಲ್ಲ ಮುಂಚೆಯೇ ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಗುಂಡು ಹಾರಿಸಿದರು. ಆ ಒಂದೇ ದಿನ 19 ಜನ ಸತ್ತರು, ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಆ ರಾತ್ರಿಯೇ ನಿಷೇಧ ತೆಗೆದರೂ ಮರುದಿನ ಊರು ಹೊತ್ತಿ ಉರಿಯಿತು. ಸಂಸತ್ತು, ಸರ್ಕಾರದ ಕಚೇರಿಗಳಿರುವ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್, ನಾಯಕರ ಮನೆಗಳು, ದೊಡ್ಡ ಹೋಟೆಲ್‌ಗಳು ಬೆಂಕಿಗೆ ಬಿದ್ದವು. ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಮಧ್ಯಾಹ್ನ ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು, ರಾತ್ರಿ ಸೇನೆ ರಸ್ತೆಗಿಳಿಯಿತು. ನಿಲ್ದಾಣ ಮತ್ತೆ ತೆರೆದದ್ದು 10ರ ಸಂಜೆ. 12ರಂದು ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾಗಿ ಪ್ರಮಾಣ ವಚನ ತೆಗೆದುಕೊಂಡರು. ಸತ್ತವರ ಒಟ್ಟು ಸಂಖ್ಯೆ 70 ದಾಟಿತು.

ಈ ಸರಣಿಯಲ್ಲಿ ಪ್ರವಾಸಿ ನೆನಪಿಡಬೇಕಾದದ್ದು ಮೊದಲ ದಿನಕ್ಕೂ ಎರಡನೆಯ ದಿನಕ್ಕೂ ಇರುವ ಅಂತರ. 8ರಂದು ಕಠ್ಮಂಡುವಿನಲ್ಲಿ ಗಲಾಟೆ ಇದ್ದದ್ದು ಹೆಚ್ಚಾಗಿ ಒಂದು ರಸ್ತೆ, ಒಂದು ಗೇಟಿನ ಸುತ್ತ. 9ರಂದು ಅದು ಇಡೀ ಊರಿಗೆ ಹರಡಿತು, ಪೋಖರಾದಲ್ಲೂ ಬೆಂಕಿ ಬಿತ್ತು. ನಡುವೆ ಆದದ್ದು ಸಾವು. ಬಾಂಗ್ಲಾದೇಶದಲ್ಲೂ 2024ರ ಜುಲೈಯಲ್ಲಿ ಹೀಗೇ ಆಯಿತು. 16ನೇ ತಾರೀಕು ವಿದ್ಯಾರ್ಥಿಗಳು ಸತ್ತರು, ಎರಡು ದಿನದಲ್ಲಿ ದೇಶವೇ ಸ್ತಬ್ಧವಾಯಿತು. ಅದಕ್ಕೇ ನಾನು ತಂಡ ಕರೆದೊಯ್ಯುವವರಿಗೆಲ್ಲ ಹೇಳುವುದು: ಮೆರವಣಿಗೆ ಇದೆ ಎಂದು ಗೊತ್ತಾದರೆ ಆ ರಸ್ತೆ ಬಿಡಿ, ಉಳಿದ ಕಾರ್ಯಕ್ರಮ ನಡೆಯಲಿ. ಗುಂಡಿಗೆ ಒಬ್ಬರು ಬಲಿಯಾದರು ಎಂದು ಸುದ್ದಿ ಬಂತೋ, ಮರುದಿನದ ಕಾರ್ಯಕ್ರಮ ಪೂರ್ತಿ ರದ್ದು ಮಾಡಿ. ದರ್ಶನವೂ ಬೇಡ, ಶಾಪಿಂಗೂ ಬೇಡ. ಆ ಸಂಜೆಯೇ ನೀರು, ಬಿಸ್ಕತ್ತು, ಹಣ್ಣು, ಔಷಧಿ ತಂದಿಟ್ಟುಕೊಂಡು ಕೋಣೆ ಸೇರಿಕೊಳ್ಳಲಿ. ‘ಬೆಳಿಗ್ಗೆ ಬೇಗ ಹೋಗಿ ಬಂದುಬಿಡೋಣ’ ಎನ್ನುವ ಗೈಡ್‌ಗೆ ಒಪ್ಪಬಾರದು. ಬೇಗ ಹೋಗುವುದೇನೋ ಆಗುತ್ತದೆ, ವಾಪಸ್ ಬರುವ ದಾರಿ ಮುಚ್ಚಿರುತ್ತದೆ.

ಬಸ್ ಹಿಡಿದು ಗಡಿ ದಾಟಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ದಿನಗಳಲ್ಲಿ ಪಶುಪತಿನಾಥನ ದರ್ಶನ ಮುಗಿಸಿ ಹೊರಟಿದ್ದ ಆಂಧ್ರದ ಯಾತ್ರಿಕರ ಬಸ್ಸಿಗೆ ಸೊನೌಲಿ ಗಡಿಯ ಹತ್ತಿರ ಕಲ್ಲು ಹೊಡೆದು, ಸಾಮಾನು ದೋಚಿದರು. ಹಲವರಿಗೆ ಗಾಯವಾಯಿತು. ಕಠ್ಮಂಡುವಿನಿಂದ ಸೊನೌಲಿಗೆ ಘಾಟಿ ರಸ್ತೆಯಲ್ಲಿ ಇಡೀ ದಿನದ ಪ್ರಯಾಣ. ಆ ದಾರಿಯಲ್ಲಿ ಯಾವ ಊರಿನ ಚೌಕದಲ್ಲಿ ಟೈರ್ ಉರಿಯುತ್ತಿದೆ ಎಂದು ಹೊರಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಹೊರಗಿನ ನಂಬರ್ ಪ್ಲೇಟಿನ ದೊಡ್ಡ ಬಸ್ಸು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸು, ಲಾರಿಗಳಿಗೆ ಏನಾಯಿತು ಎಂಬುದನ್ನು ನಾವೇ ನೋಡಿದ್ದೇವೆ. ಆ ವಾಹನಗಳ ಡ್ರೈವರ್‌ಗಳು ಯಾರಿಗೂ ಏನೂ ಮಾಡಿದವರಲ್ಲ. ಇದರ ಜೊತೆಗೆ ಆ ಎರಡು ದಿನಗಳಲ್ಲಿ ನೇಪಾಳದ ಜೈಲುಗಳಿಂದ 13 ಸಾವಿರಕ್ಕೂ ಹೆಚ್ಚು ಕೈದಿಗಳು ತಪ್ಪಿಸಿಕೊಂಡಿದ್ದರು. ರಾತ್ರಿ ಬಸ್ಸಿನ ವಿಚಾರ ತಲೆಯಿಂದಲೇ ತೆಗೆಯಿರಿ. ನಮ್ಮ ವಿದೇಶಾಂಗ ಇಲಾಖೆ ಆಗ ಹೇಳಿದ್ದೂ ಇದನ್ನೇ: ಎಲ್ಲಿದ್ದೀರೋ ಅಲ್ಲೇ ಇರಿ, ಬೀದಿಗೆ ಬರಬೇಡಿ.

ಹಾಗಾದರೆ ‘ಇದ್ದಲ್ಲೇ ಇರಿ’ ಎಂದರೆ ಎಲ್ಲಿ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಸತ್ತ ಆ ಒಬ್ಬ ಭಾರತೀಯ ಮಹಿಳೆ ಬೀದಿಯಲ್ಲಿ ಸಾಯಲಿಲ್ಲ. ಉತ್ತರ ಪ್ರದೇಶದಿಂದ ಗಂಡನ ಜೊತೆ ಪಶುಪತಿನಾಥನ ದರ್ಶನಕ್ಕೆ ಬಂದಿದ್ದರು, ಊರಿನ ಹೆಸರಾಂತ ಐಷಾರಾಮಿ ಹೋಟೆಲೊಂದರಲ್ಲಿ ಇಳಿದಿದ್ದರು. ಗುಂಪು ಬಂದು ಹೋಟೆಲಿಗೆ ಬೆಂಕಿ ಇಟ್ಟಿತು. ಮೇಲಿನ ಮಹಡಿಯಿಂದ ಇಳಿದು ತಪ್ಪಿಸಿಕೊಳ್ಳುವ ಪ್ರಯತ್ನದಲ್ಲಿ ಬಿದ್ದು ತೀರಿಕೊಂಡರು. ದುಬಾರಿ ಹೋಟೆಲ್ ಎಂದರೆ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಾಮಾನ್ಯ ದಿನಗಳಲ್ಲಿ ಅದು ಸರಿ. ಜನರ ಸಿಟ್ಟು ಅಧಿಕಾರ ಮತ್ತು ಹಣದ ಮೇಲೆ ತಿರುಗಿದ ದಿನ, ಗಾಜಿನ ಗೋಪುರದಂಥ ಕಟ್ಟಡವೇ ಮೊದಲು ಕಣ್ಣಿಗೆ ಬೀಳುವುದು. ಕಠ್ಮಂಡುವಿನ ಅತಿ ಎತ್ತರದ ಹೋಟೆಲ್‌ಗಳಲ್ಲೊಂದು ಆ ದಿನ ಸುಟ್ಟು ಕರಕಲಾಯಿತು. ಪೋಖರಾದಲ್ಲೂ ಹೋಟೆಲ್‌ಗೆ ಬೆಂಕಿ ಬಿತ್ತು.

ಆದ್ದರಿಂದ ನಿಮ್ಮ ಟೂರ್‌ನವರನ್ನು ಹೋಟೆಲ್ ಹೆಸರು ಕೇಳಿ, ಮ್ಯಾಪ್‌ನಲ್ಲಿ ತೆರೆದು ನೋಡಿ. ನ್ಯೂ ಬಾನೇಶ್ವರ, ಸಿಂಹ ದರ್ಬಾರ್, ಮೈತಿಘರ್, ಪ್ರಧಾನಿ ನಿವಾಸವಿರುವ ಬಾಲುವಾಟಾರ್ – ಇವುಗಳ ಪಕ್ಕದಲ್ಲಿ ಬೇಡ. ಒಳರಸ್ತೆಯಲ್ಲಿರುವ, ಮನೆಯವರೇ ನಡೆಸುವ ಮೂರು-ನಾಲ್ಕು ಮಹಡಿಯ ಲಾಡ್ಜು ನಿಮ್ಮವರಿಗೆ ಒಳ್ಳೆಯದು. ಥಮೇಲ್‌ನ ಒಳಗಲ್ಲಿಗಳಲ್ಲೂ ಬೌದ್ಧನಾಥ ಸ್ತೂಪದ ಹಿಂದಿನ ಓಣಿಗಳಲ್ಲೂ ಅಂಥವು ಬೇಕಾದಷ್ಟಿವೆ. ಕೋಣೆ ಮೊದಲನೆಯ ಅಥವಾ ಎರಡನೆಯ ಮಹಡಿಯಲ್ಲಿ, ರಸ್ತೆಗೆ ಮುಖ ಮಾಡದ ಕಡೆ ಸಿಗಲಿ. ‘ನಮ್ಮದು ಮಂಡಿ ನೋವು, ಮೇಲೆ ಬೇಡ’ ಎಂದು ಅಮ್ಮ ಹೇಳಿದರೆ ಸಾಕು, ಕೊಡುತ್ತಾರೆ.

ಕೋಣೆಗೆ ಹೋದ ತಕ್ಷಣ, ಕಾಫಿಗೂ ಮುಂಚೆ, ಮೂವರೂ ಒಮ್ಮೆ ಮೆಟ್ಟಿಲಿನಲ್ಲಿ ಕೆಳಗಿಳಿದು ಬರಲಿ. ಲಿಫ್ಟ್ ಬೇಡ. ಕೋಣೆಯಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಎಂದು ಗೋಡೆ ಮುಟ್ಟಿಕೊಂಡು ಎಣಿಸಲಿ. ಹೊಗೆ ತುಂಬಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೆ ಮಾತ್ರ ದಾರಿ ಗೊತ್ತಿರುತ್ತದೆ. ಹಿಂದಿನ ಮೆಟ್ಟಿಲೊಂದು ಇದೆಯೇ, ಅದರ ಬಾಗಿಲು ದೂಡಿದರೆ ತೆರೆಯುತ್ತದೆಯೇ ನೋಡಲಿ. ಎಷ್ಟೋ ಲಾಡ್ಜುಗಳಲ್ಲಿ ಆ ಬಾಗಿಲಿಗೆ ಚಿಲಕ ಜಡಿದು ಅದರ ಮುಂದೆ ಹಳೇ ಹಾಸಿಗೆ, ನೀರಿನ ಕ್ಯಾನ್ ಪೇರಿಸಿಟ್ಟಿರುತ್ತಾರೆ. ಹಾಗಿದ್ದರೆ ಅಪ್ಪ ಕೆಳಗೆ ಕೌಂಟರಿನಲ್ಲಿ ಹೇಳಿ ತೆಗೆಸಲಿ, ಸಂಕೋಚ ಪಡಬೇಕಾಗಿಲ್ಲ. ಬೆಂಕಿಯೇ ಬಂದರೆ, ಮೆಟ್ಟಿಲಲ್ಲಿ ಹೊಗೆ ಇಲ್ಲದಿದ್ದರೆ ತಕ್ಷಣ ಇಳಿಯಬೇಕು, ಸೂಟ್‌ಕೇಸ್ ಬಿಟ್ಟು. ಹೊರಗೆ ದಟ್ಟ ಹೊಗೆ ಇದ್ದರೆ ಬಾಗಿಲು ಮುಚ್ಚಿ, ಒದ್ದೆ ಟವೆಲನ್ನು ಸಂದಿಗೆ ತುರುಕಿ, ಕಿಟಕಿಯಲ್ಲಿ ಬಟ್ಟೆ ಬೀಸಿ ಕೂಗಬೇಕು. ಬೆಡ್‌ಶೀಟ್ ಕಟ್ಟಿಕೊಂಡು ಇಳಿಯುವ ಸಾಹಸ ಯಾರಿಗೂ ಬೇಡ.

ಗುಂಪು ಹೋಟೆಲಿನ ಗೇಟಿಗೇ ಬಂದಾಗ ಮಾತ್ರ ‘ಇದ್ದಲ್ಲೇ ಇರಿ’ ಎಂಬ ನಿಯಮ ಮುರಿಯಬೇಕು. ಆಗ ಹಿಂಬಾಗಿಲಿನಿಂದ ಹೊರಟು ಪಕ್ಕದ ಗಲ್ಲಿಯ ಯಾವುದಾದರೂ ಮನೆ, ಅಂಗಡಿ, ಧರ್ಮಶಾಲೆ ಸೇರಿಕೊಳ್ಳುವುದು. ಆ ಮನೆಯನ್ನು ಮೊದಲ ದಿನವೇ ನೋಡಿಟ್ಟುಕೊಂಡಿರಬೇಕು. ಬೆಳಿಗ್ಗೆ ಚಹಾ ಕುಡಿಯುವ ಅಂಗಡಿಯ ಅಕ್ಕನ ಜೊತೆ ನಾಲ್ಕು ಮಾತಾಡಿ ಪರಿಚಯ ಮಾಡಿಕೊಂಡಿದ್ದರೆ ಅದೇ ಸಾಕು. ಹಿಂದಿ ಅಲ್ಲಿ ನಡೆಯುತ್ತದೆ.

ಹೊರಗಿರುವಾಗಲೇ ಗಲಾಟೆ ಎದುರಾದರೆ? ನಿಮ್ಮವರು ಹೋಗುವ ಜಾಗಗಳ ನಕ್ಷೆ ಇಲ್ಲಿ ಮುಖ್ಯ. ಪಶುಪತಿನಾಥ ದೇವಸ್ಥಾನ, ಗೌಶಾಲಾ ಚೌಕ, ವಿಮಾನ ನಿಲ್ದಾಣ, ತಿನ್‌ಕುನೆ, ಬಾನೇಶ್ವರ ಎಲ್ಲ ಒಂದಕ್ಕೊಂದು ತಾಗಿಕೊಂಡ ಹಾಗಿವೆ. 2025ರ ಮಾರ್ಚ್ 28ರಂದು ರಾಜಪ್ರಭುತ್ವದ ಪರವಾಗಿ ನಡೆದ ಪ್ರದರ್ಶನ ಹಿಂಸೆಗೆ ತಿರುಗಿ ಇಬ್ಬರು ಸತ್ತದ್ದು ಇದೇ ತಿನ್‌ಕುನೆಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಅಂಗಡಿಯವರು ಒಬ್ಬೊಬ್ಬರಾಗಿ ಶಟರ್ ಎಳೆಯತೊಡಗಿದರೆ, ಟೆಂಪೊಗಳು ರಸ್ತೆ ನಡುವೆ ತಿರುಗಿಸಿಕೊಂಡು ವಾಪಸ್ ಬರತೊಡಗಿದರೆ ಕಾರಣ ಕೇಳುತ್ತಾ ನಿಲ್ಲಬಾರದು. ಊರಿನವರು ಯಾವ ಕಡೆ ಸರಿಯುತ್ತಾರೋ ಆ ಕಡೆ ಸರಿಯಬೇಕು. ಗುಂಪಿನೊಳಗೆ ಸಿಕ್ಕಿಕೊಂಡರೆ ಎದುರು ನುಗ್ಗದೆ, ಅದರ ಜೊತೆಗೇ ನಡೆಯುತ್ತಾ ಓರೆಯಾಗಿ ಅಂಚಿಗೆ ಬಂದು, ಸಿಕ್ಕ ಮೊದಲ ಗಲ್ಲಿಗೆ ತಿರುಗಿಕೊಳ್ಳಬೇಕು. ಬ್ಯಾರಿಕೇಡ್, ಸೇತುವೆ, ಮುಚ್ಚಿದ ಗೇಟು – ಇವುಗಳ ಹತ್ತಿರ ನಿಲ್ಲಲೇಬಾರದು, ನೂಕುನುಗ್ಗಲು ಅಲ್ಲೇ. ಮೂವರೂ ಬೇರೆಯಾದರೆ ಎಲ್ಲಿ ಸೇರುವುದು ಎಂದು ಹೋಟೆಲ್ ಬಿಡುವಾಗಲೇ ಮಾತಾಡಿಕೊಂಡಿರಲಿ.

ಅಶ್ರುವಾಯು ಹತ್ತಿದರೆ ಕಣ್ಣು ಉಜ್ಜಬಾರದು. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಅಲ್ಲಿಂದ ದೂರ, ಸಾಧ್ಯವಾದರೆ ಎತ್ತರದ ಜಾಗಕ್ಕೆ ಹೋಗಬೇಕು. ಆ ಹೊಗೆ ನೆಲಮಟ್ಟದಲ್ಲಿ ತಂಗುತ್ತದೆ. ಬರೀ ನೀರಿನಿಂದ ಕಣ್ಣು, ಮುಖ ಚೆನ್ನಾಗಿ ತೊಳೆಯುವುದೇ ಮದ್ದು. ಆಸ್ತಮಾ ಇದ್ದರೆ ಇನ್ಹೇಲರ್ ಜೇಬಿನಲ್ಲೇ ಇರಲಿ, ಹೋಟೆಲಿನ ಬ್ಯಾಗಿನಲ್ಲಿ ಅಲ್ಲ.

ಮೊಬೈಲ್ ವಿಡಿಯೊ ಬಗ್ಗೆ ಗಟ್ಟಿಯಾಗಿ ಹೇಳಿಬಿಡಿ, ವಿಶೇಷವಾಗಿ ಅಪ್ಪನಿಗೆ. ಗುಂಪನ್ನಾಗಲಿ ಪೊಲೀಸರನ್ನಾಗಲಿ ಚಿತ್ರೀಕರಿಸುವವರನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಾರೆ. ರಾಜಕೀಯದ ಮಾತೂ ಬೇಡ. 2015ರ ಗಡಿ ದಿಗ್ಬಂಧನದಲ್ಲಿ ಅಡುಗೆ ಅನಿಲ, ಪೆಟ್ರೋಲ್ ಇಲ್ಲದೆ ನರಳಿದ ನೆನಪು ಅಲ್ಲಿನವರಲ್ಲಿ ಮಾಸಿಲ್ಲ, ಅದಕ್ಕೆ ಭಾರತವೇ ಕಾರಣ ಎಂದು ನಂಬಿರುವವರು ಬಹಳ ಮಂದಿ. ಪಶುಪತಿನಾಥನ ಮುಖ್ಯ ಅರ್ಚಕರು ಪರಂಪರೆಯಿಂದ ಕರ್ನಾಟಕದ ಭಟ್ಟರು ಎಂದು ನಮಗೆಲ್ಲ ಹೆಮ್ಮೆ. ಆದರೆ ಆ ನೇಮಕವೂ ಅಲ್ಲಿ ವಿವಾದಕ್ಕೆ ಸಿಕ್ಕಿ, 2009ರಲ್ಲಿ ಹೊಸದಾಗಿ ಬಂದ ಅರ್ಚಕರ ಮೇಲೆ ಹಲ್ಲೆಯೇ ನಡೆದಿತ್ತು. ಗರ್ಭಗುಡಿಯ ಮುಂದೆ ಕನ್ನಡ ಕೇಳಿ ಅಮ್ಮನಿಗೆ ಸಂತೋಷವಾಗಲಿ, ‘ನಿಮ್ಮ ಸರ್ಕಾರ ಹೀಗೆ, ನಮ್ಮ ಸರ್ಕಾರ ಹಾಗೆ’ ಎಂಬ ಚರ್ಚೆ ಟ್ಯಾಕ್ಸಿಯಲ್ಲೂ ಬೇಡ.

ಫೋನಿನ ವಿಷಯ. ಜಾಲತಾಣ ನಿಷೇಧವಾದಾಗ ವಾಟ್ಸಾಪ್ ಕೂಡ ಅದರಲ್ಲಿತ್ತು ಎಂದೆನಲ್ಲ, ಅದನ್ನೊಂದೇ ನಂಬಿದ್ದವರಿಗೆ ಮನೆಯವರನ್ನು ತಲುಪುವುದು ಕಷ್ಟವಾಯಿತು. ಬಾಂಗ್ಲಾದೇಶದಲ್ಲಿ 2024ರ ಜುಲೈ 18ರಿಂದ ಸುಮಾರು ಹತ್ತು ದಿನ ಮೊಬೈಲ್ ಇಂಟರ್ನೆಟ್ಟೇ ಇರಲಿಲ್ಲ. ಅದಕ್ಕೆ ಕಠ್ಮಂಡುವಿನಲ್ಲಿ ಇಳಿದ ತಕ್ಷಣ ಎನ್‌ಸೆಲ್ ಅಥವಾ ನೇಪಾಳ್ ಟೆಲಿಕಾಂ ಸಿಮ್ ಒಂದು ತೆಗೆದುಕೊಂಡು, ಅದರಿಂದ ನಿಮಗೆ ಒಂದು ಸಾದಾ ಕರೆ, ಒಂದು ಎಸ್ಸೆಮ್ಮೆಸ್ ಮಾಡಿ ಪರೀಕ್ಷಿಸಲಿ. ಲೈಂಚೌರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ನಂಬರ್, ಹೋಟೆಲಿನ ನಂಬರ್, ನಿಮ್ಮ ನಂಬರ್ ಮೂರನ್ನೂ ಚೀಟಿಯಲ್ಲಿ ಬರೆದು ಮೂವರ ಪರ್ಸಿನಲ್ಲೂ ಇಡಿ. ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144. ಯುಪಿಐ ಈಗ ಅಲ್ಲಿನ ಬಹಳ ಅಂಗಡಿಗಳಲ್ಲಿ ನಡೆಯುತ್ತದೆ, ಆದರೆ ನೆಟ್ ಹೋದರೆ ಅದೂ ಹೋಯಿತು. ನಾಲ್ಕೈದು ದಿನದ ಊಟ-ವಸತಿಗಾಗುವಷ್ಟು ನೇಪಾಳಿ ನೋಟು ಮೂವರ ಹತ್ತಿರವೂ ಹಂಚಿಕೊಂಡಿರಲಿ. ನಮ್ಮ 100 ರೂಪಾಯಿಗೆ ಅಲ್ಲಿನ 160. ಬಿ.ಪಿ., ಸಕ್ಕರೆ ಮಾತ್ರೆ ಯಾತ್ರೆಯ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ. ವಿಮಾನದಲ್ಲಿ ಹೋಗುವವರಿಗೆ ಚುನಾವಣಾ ಗುರುತಿನ ಚೀಟಿ ನಡೆಯುತ್ತದೆ, ಆದರೂ ಪಾಸ್‌ಪೋರ್ಟ್ ಇದ್ದರೆ ಅದನ್ನೇ ಒಯ್ಯಲಿ. ತುರ್ತು ವಿಮಾನದ ಪಟ್ಟಿಗೆ ಹೆಸರು ಸೇರಿಸುವಾಗ ಸಲೀಸು.

ವಿಮಾನ ನಿಲ್ದಾಣಕ್ಕೆ ಯಾವಾಗ ಹೊರಡಬೇಕು? ವಿಮಾನ ಹಾರುತ್ತದೆ ಎಂದು ವಿಮಾನ ಕಂಪನಿ ಖಚಿತಪಡಿಸಿದ ಮೇಲೆ, ಮುಂಚೆ ಅಲ್ಲ. ನಿಲ್ದಾಣ ಮುಚ್ಚಿರುವಾಗ ಅಲ್ಲಿ ಹೋಗಿ ನೆಲದ ಮೇಲೆ ರಾತ್ರಿ ಕಳೆಯುವುದು 68 ವರ್ಷದವರಿಗೆ ಶಿಕ್ಷೆ. ಕರ್ಫ್ಯೂ ಇದ್ದರೂ ಟಿಕೆಟ್, ಪಾಸ್‌ಪೋರ್ಟ್ ತೋರಿಸಿದರೆ ಪ್ರಯಾಣಿಕರನ್ನು ಸಾಮಾನ್ಯವಾಗಿ ಬಿಡುತ್ತಾರೆ. ಟಿಕೆಟ್ ಕಾಗದದಲ್ಲಿ ಮುದ್ರಿಸಿಕೊಂಡಿರಬೇಕು, ಚೆಕ್‌ಪೋಸ್ಟಿನಲ್ಲಿ ಸತ್ತ ಮೊಬೈಲ್ ತೋರಿಸಿ ಪ್ರಯೋಜನವಿಲ್ಲ. ಮಧ್ಯಾಹ್ನದ ವಿಮಾನವಾದರೂ ನಸುಕಿನಲ್ಲೇ ಹೊರಡುವುದು ಒಳ್ಳೆಯದು, ಗುಂಪು ಸೇರುವುದು ಹೊತ್ತೇರಿದ ಮೇಲೆ. ಸೇನೆ ಕರ್ಫ್ಯೂ ಸಡಿಲಿಸುವ ಗಂಟೆಗಳಲ್ಲಿ ಹಾಲು, ಔಷಧಿ ತರಲಿ, ಸುಟ್ಟ ಕಟ್ಟಡ ನೋಡಲು ಹೋಗದಿರಲಿ. ದಸರಾ ಹೊತ್ತೆಂದರೆ ಅಲ್ಲಿ ದಶೈಂ ಹಬ್ಬ, ಜನ ಊರುಗಳಿಗೆ ಹೋಗಿರುತ್ತಾರೆ, ಟ್ಯಾಕ್ಸಿ ಸಿಗುವುದು ಮಾಮೂಲಿ ದಿನದಲ್ಲೇ ಕಷ್ಟ. ಹಾಗಾಗಿ ವಾಹನದ ಹೊಣೆ ಟೂರ್‌ನವರದೇ ಎಂದು ಮೊದಲೇ ಮಾತಾಗಿರಲಿ.

ಮುಕ್ತಿನಾಥದಲ್ಲಿರುವಾಗ ಕೆಳಗೆ ಗಲಾಟೆಯಾದರೆ ಇಳಿಯಲು ಅವಸರ ಬೇಡ, ಬೆಂಕಿ ಬೀಳುವುದು ನಗರಗಳಲ್ಲಿ. ಆದರೆ ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರದಲ್ಲಿದೆ, ವಯಸ್ಸಾದವರು ಅಲ್ಲಿ ದಿನಗಟ್ಟಲೆ ಕಾಯುವುದು ಸರಿಯಲ್ಲ. ಸುಮಾರು ಒಂದು ಸಾವಿರ ಮೀಟರ್ ಕೆಳಗಿರುವ ಜೋಮ್‌ಸೋಮ್‌ಗೆ ಇಳಿದು ಅಲ್ಲಿ ಉಳಿಯಲಿ. ಅಲ್ಲಿಂದ ಪೋಖರಾಕ್ಕೆ ಸಣ್ಣ ವಿಮಾನಗಳು ಬೆಳಿಗ್ಗೆ ಮಾತ್ರ, ಆಮೇಲೆ ಗಾಳಿ.

ಇನ್ನು ನೀವು. ಗಲಾಟೆಯ ದಿನ ಊರಿನಿಂದ ಹೋಗುವ ಗಾಬರಿಯ ಕರೆಗಳು ಎಷ್ಟೋ ಜನರನ್ನು ಕೋಣೆಯಿಂದ ಹೊರಗೆ ಎಳೆದಿವೆ. ‘ಟಿ.ವಿ.ಯಲ್ಲಿ ಹೀಗೆ ತೋರಿಸ್ತಿದಾರೆ, ಹೇಗಾದ್ರೂ ಮಾಡಿ ಹೊರಟುಬಿಡಿ’ ಎಂದು ಅಣ್ಣ, ಅತ್ತೆ, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಹೇಳಿದರೆ ಕೂತಲ್ಲಿ ಕೂರಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಮನೆಯಿಂದ ಮಾತಾಡುವವರು ನೀವೊಬ್ಬರೇ ಎಂದು ಈಗಲೇ ತೀರ್ಮಾನವಾಗಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಹೊತ್ತು ಗೊತ್ತು ಮಾಡಿಕೊಂಡು. ಉಳಿದ ಸಮಯ ಅವರ ಫೋನಿನ ಚಾರ್ಜ್ ಉಳಿಯಲಿ. ಫಾರ್ವರ್ಡ್ ಆದ ವಿಡಿಯೊ ಅವರಿಗೆ ಕಳಿಸಬೇಡಿ. ನಿಮ್ಮ ಹತ್ತಿರ ಮೂವರ ಪಾಸ್‌ಪೋರ್ಟ್ ಪ್ರತಿ, ಹೋಟೆಲ್ ವಿಳಾಸ, ಕೋಣೆ ನಂಬರ್, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಒಂದೇ ಹಾಳೆಯಲ್ಲಿರಲಿ. ರಾಯಭಾರ ಕಚೇರಿಯ ಸಹಾಯವಾಣಿಗೆ ಅಲ್ಲಿಂದ ಲೈನ್ ಸಿಗದಿದ್ದಾಗ ಇಲ್ಲಿಂದ ನೀವು ಹೆಸರು ಬರೆಸಬಹುದು. 2025ರಲ್ಲಿ ಕರ್ನಾಟಕದವರೂ ಅಲ್ಲಿ ಸಿಲುಕಿದ್ದರು, ರಾಜ್ಯ ಸರ್ಕಾರವೂ ವಿವರ ಕೇಳಿತ್ತು. ಹಾಳೆ ಸಿದ್ಧವಿದ್ದರೆ ಕೊಡುವುದು ಎರಡು ನಿಮಿಷದ ಕೆಲಸ.

ದುಡ್ಡಿನ ವಿಚಾರ ಕೊನೆಗೆ. ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಟಿಕೆಟ್ ಹಣ ಪೂರ್ತಿ ವಾಪಸ್ ಬರಬೇಕು ಅಥವಾ ಬೇರೆ ವಿಮಾನ ಕೊಡಬೇಕು. ಹೆದರಿ ನೀವೇ ಮೊದಲು ರದ್ದು ಮಾಡಿದರೆ ಕಡಿತವಾಗುತ್ತದೆ, ಆದ್ದರಿಂದ ಹೊರಡುವ ವಾರ ಗಲಾಟೆ ಕಂಡರೆ ಒಂದೆರಡು ದಿನ ಕಾದು ನೋಡಿ. ಪ್ರವಾಸ ವಿಮೆಯನ್ನು ಟಿಕೆಟ್ ಮಾಡಿಸಿದ ದಿನವೇ ತೆಗೆದುಕೊಳ್ಳಿ. ಸುದ್ದಿ ಬಂದ ಮೇಲೆ ಕೊಂಡ ಪಾಲಿಸಿ ಆ ಗಲಾಟೆಯ ನಷ್ಟಕ್ಕೆ ಬರುವುದಿಲ್ಲ. ಹಲವು ಪಾಲಿಸಿಗಳು ಗಲಭೆ, ದಂಗೆಯ ನಷ್ಟವನ್ನು ಹೊರಗಿಟ್ಟಿರುತ್ತವೆ, ಏನೇನು ಸೇರಿಲ್ಲ ಎಂಬ ಪುಟ ಓದಿಯೇ ಸಹಿ ಹಾಕಿ. ಟೂರ್ ಏಜೆಂಟರಿಂದ ಎರಡು ಮಾತು ಬರವಣಿಗೆಯಲ್ಲಿ ಪಡೆಯಿರಿ: ವಿದೇಶಾಂಗ ಇಲಾಖೆ ‘ಹೋಗಬೇಡಿ’ ಎಂದರೆ ಪ್ರವಾಸದ ದಿನ ಮುಂದಕ್ಕೆ ಹಾಕಿಕೊಡುತ್ತಾರೆ ಎಂಬುದು, ಮತ್ತು ಅಲ್ಲಿ ಸಿಲುಕಿದರೆ ಹೆಚ್ಚುವರಿ ರಾತ್ರಿಗಳ ವಸತಿ ಖರ್ಚು ಯಾರದು ಎಂಬುದು. ಬಾಯಿಮಾತಿಗೆ ‘ಅದೆಲ್ಲ ನಾವು ನೋಡ್ಕೋತೀವಿ ಸರ್’ ಎಂದಷ್ಟೇ ಹೇಳಿ ಬರೆದುಕೊಡಲು ಹಿಂದೇಟು ಹಾಕುವವರಾದರೆ, ಮುಂಗಡ ಕಟ್ಟುವ ಮೊದಲೇ ಬೇರೆ ತಂಡ ನೋಡಿ.